ಮಾತ್ರೆಯೂ ಬೇಕು, ನಡಿಗೆಯೂ ಬೇಕು

"ಅಪ್ಪಾ, ನಿಂಗೆ ಜ್ವರ ಇಲ್ವಲ್ಲ, ಮತ್ತೆ ದಿನಾ ಯಾಕೆ ಮಾತ್ರೆ ತಗೋತೀಯ?"

ರೆಡ್ಮಂಡ್, ಬಾಥೆಲ್, ಸಮಾಮಿಶ್ ಕಡೆಯ ಕನ್ನಡ ಮನೆಗಳಲ್ಲಿ ಮಕ್ಕಳು ಕೇಳಬಹುದಾದ ಪ್ರಶ್ನೆ ಇದು. ನಲವತ್ತು ದಾಟಿದ ಮೇಲೆ ರಕ್ತಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್, ಹೆಚ್ಚಿದೆ ಎಂದು ಗೊತ್ತಾಗುತ್ತದೆ. ಡಾಕ್ಟರು ಸ್ಟ್ಯಾಟಿನ್ ಬರೆದುಕೊಡುತ್ತಾರೆ. ಆಮೇಲೆ ಕೆಲವರು "ವಾಕಿಂಗ್ ಶುರು ಮಾಡಿದ್ದೀನಲ್ಲ" ಎಂದು ಮಾತ್ರೆ ಬಿಡುತ್ತಾರೆ. ಇನ್ನು ಕೆಲವರು "ಮಾತ್ರೆ ಇದೆಯಲ್ಲ" ಎಂದು ಸೋಫಾ ಬಿಟ್ಟೇಳುವುದಿಲ್ಲ. ಎರಡೂ ತಪ್ಪು ಲೆಕ್ಕ.

ಎರಡೂ ಯಾಕೆ?

ಕೊಲೆಸ್ಟರಾಲ್‌ನ ದೊಡ್ಡ ಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಲಿವರ್‌ನಲ್ಲಿ ನಡೆಯುವ ಈ ಕೆಲಸವನ್ನು ಸ್ಟ್ಯಾಟಿನ್ ತಗ್ಗಿಸುತ್ತದೆ. ಆಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಮಧ್ಯಮ ಪ್ರಮಾಣದ ಮಾತ್ರೆಯಿಂದ ಎಲ್‌ಡಿಎಲ್ 30ರಿಂದ 49% ಇಳಿಯುತ್ತದೆ. ಬರೀ ವ್ಯಾಯಾಮದಿಂದ ಇಷ್ಟು ಇಳಿಯುವುದಿಲ್ಲ. ಆದರೆ ಟ್ರೈಗ್ಲಿಸರೈಡ್, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು ಇವನ್ನೆಲ್ಲ ಹಿಡಿತದಲ್ಲಿಡುವುದು ವ್ಯಾಯಾಮವೇ.

ಅಮೆರಿಕದ ಸುಮಾರು 10,000 ಮಾಜಿ ಸೈನಿಕರನ್ನು ಗಮನಿಸಿದ ಅಧ್ಯಯನವೊಂದು 2013ರಲ್ಲಿ 'ದಿ ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರಲ್ಲೇ, ದೇಹದಾರ್ಢ್ಯ ಅತಿ ಕಡಿಮೆ ಇದ್ದವರಿಗಿಂತ ಅತಿ ಹೆಚ್ಚು ಇದ್ದವರಲ್ಲಿ ಸಾವಿನ ಅಪಾಯ ಸುಮಾರು 70% ಕಡಿಮೆ ಇತ್ತು.

"ನಾವು ಸಸ್ಯಾಹಾರಿಗಳು, ಸಣ್ಣಗಿದ್ದೇವೆ" ಎಂದು ನಿಶ್ಚಿಂತರಾಗಿರುವಂತಿಲ್ಲ. ಅಮೆರಿಕದ 2018ರ ಕೊಲೆಸ್ಟರಾಲ್ ಮಾರ್ಗಸೂಚಿ, ದಕ್ಷಿಣ ಏಷ್ಯಾ ಮೂಲವನ್ನೇ ಹೃದ್ರೋಗದ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದಾಗಿ ಎಣಿಸಿದೆ.

ಆ ಅಕ್ಟೋಬರ್‌ನ ಭಯ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ, ವ್ಯಾಯಾಮದ ಬಗ್ಗೆಯೇ ನಮ್ಮವರಲ್ಲಿ ಭಯ ಹುಟ್ಟಿತು. ಆದರೆ ಭಯದಿಂದ ಕೂತುಬಿಡುವುದು ಪರಿಹಾರವಲ್ಲ. ತಪಾಸಣೆ ಮಾಡಿಸಿ, ನಿಧಾನವಾಗಿ ಶುರು ಮಾಡಿ. ನಡೆಯುವಾಗ ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ ತಕ್ಷಣ ನಿಂತು 911ಕ್ಕೆ ಕರೆ ಮಾಡಿ.

ಮೈಕೈ ನೋವು ಬಂದರೆ

ಹೊಸದಾಗಿ ವ್ಯಾಯಾಮ ಶುರು ಮಾಡಿದಾಗಿನ ನೋವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಎರಡೂ ತೊಡೆ, ಮೀನಖಂಡ, ಭುಜಗಳಲ್ಲಿ ನೋವು ಹಾಗೇ ಉಳಿದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು. ನೀವಾಗಿಯೇ ಮಾತ್ರೆ ಬಿಟ್ಟರೆ ಎಲ್‌ಡಿಎಲ್ ವಾರಗಳಲ್ಲೇ ಮತ್ತೆ ಏರುತ್ತದೆ. ವಿಪರೀತ ನೋವು, ನಿಶ್ಶಕ್ತಿ, ಕಾಫಿ ಬಣ್ಣದ ಮೂತ್ರ ಕಂಡರೆ ಮಾತ್ರ ಕಾಯದೆ ಅಂದೇ ವೈದ್ಯರನ್ನು ಕಾಣಿ. ಗರ್ಭಿಣಿಯರು, ಮಗುವಿಗಾಗಿ ಯೋಚಿಸುತ್ತಿರುವ ತಾಯಂದಿರು ಈ ಮಾತ್ರೆಯ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು.

ಮಕ್ಕಳ ಜೊತೆ 150 ನಿಮಿಷ

ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ: ದೊಡ್ಡವರಿಗೆ ಇಷ್ಟು ಸಾಕು. ಸಿಯಾಟಲ್‌ನಲ್ಲಿ ಡಿಸೆಂಬರ್‌ನ ಸೂರ್ಯ ಸಂಜೆ ನಾಲ್ಕೂಕಾಲರ ಹೊತ್ತಿಗೇ ಮುಳುಗುವುದರಿಂದ, ಚಳಿಗಾಲದಲ್ಲಿ ಆಫೀಸಿನ ಊಟದ ವಿರಾಮವೇ ನಡಿಗೆಗೆ ಸರಿ. ಶನಿವಾರ, ಭಾನುವಾರ ರೇನ್‌ಕೋಟ್ ಹಾಕಿಕೊಂಡು ಮಕ್ಕಳ ಜೊತೆ ಹೊರಡಿ. ಗ್ರೀನ್ ಲೇಕ್ ಒಂದು ಸುತ್ತು 2.8 ಮೈಲಿ. ಮೇರಿಮೂರ್ ಪಾರ್ಕಿನಿಂದ ಬಾಥೆಲ್ ಕಡೆ ಹೋಗುವ ಸಮಾಮಿಶ್ ರಿವರ್ ಟ್ರೇಲ್ ಸಮತಟ್ಟಾಗಿದೆ. ಊರಿಂದ ಬಂದ ಅಜ್ಜ ಅಜ್ಜಿಗೂ ಕಷ್ಟವಾಗದು.

ಬಿರುಸು ನಡಿಗೆಗೆ ಸುಲಭದ ಅಳತೆ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ಮಾತು ಕನ್ನಡದಲ್ಲೇ ಇರಲಿ. ಹೋಗುವಾಗ ಮಗಳು ಶಾಲೆಯ ಕಥೆ ಹೇಳಲಿ, ಬರುವಾಗ ನೀವು ಊರಿನ ಕಥೆ ಹೇಳಿ. ಮನೆಯಲ್ಲಿ "ಕನ್ನಡದಲ್ಲಿ ಮಾತಾಡು" ಎಂದು ಗದರುವುದಕ್ಕಿಂತ ಇದು ಹಿತ.

ಇನ್ನೊಂದು ಮಾತು. ಮಕ್ಕಳಿಗೂ 9ರಿಂದ 11ರ ವಯಸ್ಸಿನೊಳಗೆ ಒಮ್ಮೆ, 17ರಿಂದ 21ರೊಳಗೆ ಮತ್ತೊಮ್ಮೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಲು ಇಲ್ಲಿನ ಮಕ್ಕಳ ತಜ್ಞರ ಸಲಹೆ ಇದೆ. ಮುಂದಿನ ತಪಾಸಣೆಯಲ್ಲಿ ಕೇಳಿ. ಮನೆಯಲ್ಲಿ ಯಾರಿಗೆ ಹೃದ್ರೋಗ ಇತ್ತು ಎಂಬುದನ್ನೂ ತಿಳಿಸಿ.

ಮಗುವಿನ ಪ್ರಶ್ನೆಗೆ ಉತ್ತರ ಕೊಡಿ: "ಜ್ವರ ಬಂದಿಲ್ಲ ಪುಟ್ಟಾ, ಹೃದಯ ಚೆನ್ನಾಗಿರಲಿ ಅಂತ ಈ ಮಾತ್ರೆ. ಅದೊಂದೇ ಸಾಲದು. ಶೂ ಹಾಕ್ಕೋ, ಹೋಗೋಣ."