ಬಿರುಸಿನ ವ್ಯಾಯಾಮ ಮತ್ತು ಎಚ್‌ಐವಿ: ರಕ್ಷಕ ಕೋಶಗಳು ಎಲ್ಲಿಗೆ ಹೋಗುತ್ತವೆ?

1991ರ ನವೆಂಬರ್ 7ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ತಮಗೆ ಎಚ್‌ಐವಿ ಸೋಂಕು ತಗುಲಿದೆ ಎಂದು ಪ್ರಕಟಿಸಿ ಲೇಕರ್ಸ್ ತಂಡ ಬಿಟ್ಟರು. ಬ್ಯಾಸ್ಕೆಟ್‌ಬಾಲ್‌ನಂಥ ದಣಿಸುವ ಆಟ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಬಹುದು ಎಂಬುದು ವೈದ್ಯರ ಆತಂಕವಾಗಿತ್ತು. ಆದರೂ ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಅವರಿದ್ದರು. 1996ರಲ್ಲಿ ಲೇಕರ್ಸ್‌ಗೆ ಮರಳಿ 32 ಪಂದ್ಯಗಳನ್ನೂ ಆಡಿದರು.

ವೈದ್ಯರ ಆತಂಕ ತಳಬುಡವಿಲ್ಲದ್ದೇನಲ್ಲ. ಡೆನ್ಮಾರ್ಕ್‌ನ ಸಂಶೋಧಕರು ರೋಗಲಕ್ಷಣವಿಲ್ಲದ 8 ಸೋಂಕಿತರನ್ನೂ ಸೋಂಕಿಲ್ಲದ 8 ಮಂದಿಯನ್ನೂ ಒಂದು ಗಂಟೆ ಬಿರುಸಾಗಿ ಸೈಕಲ್ ತುಳಿಸಿ, ಅವರ ರಕ್ತ ಪರೀಕ್ಷಿಸಿದರು. 1994ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವ್ಯತ್ಯಾಸ ಎದ್ದು ಕಂಡಿತು: ಸೋಂಕಿತರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳೂ ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳೂ ಇತರರಷ್ಟು ಸಂಖ್ಯೆಯಲ್ಲಿ ರಕ್ತಕ್ಕೆ ಇಳಿಯಲಿಲ್ಲ.

ಇಳಿಯುವುದು ಎಂದರೇನು? ಮೈ ದಣಿಯತೊಡಗಿದಾಗ ಅಡ್ರಿನಲಿನ್ ಏರುತ್ತದೆ, ರಕ್ತದ ಓಟ ಹೆಚ್ಚುತ್ತದೆ. ಗುಲ್ಮದಲ್ಲಿ ತಂಗಿದ್ದ, ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಬಿಳಿರಕ್ತಕಣಗಳು ಕಳಚಿಕೊಂಡು ಹರಿವಿಗೆ ಸೇರುತ್ತವೆ. ಎನ್‌ಕೆ ಕೋಶಗಳ ಮೇಲೆ ಅಡ್ರಿನಲಿನ್ನಿಗೆ ಓಗೊಡುವ ಗ್ರಾಹಕಗಳು ಹೆಚ್ಚು. ಅವುಗಳ ಏರಿಕೆಯೂ ಹೆಚ್ಚು. ವ್ಯಾಯಾಮ ನಿಂತ ಒಂದೆರಡು ಗಂಟೆಗಳಲ್ಲಿ ಎನ್‌ಕೆ ಕೋಶಗಳೂ ಸೇರಿದ ಲಿಂಫೋಸೈಟ್‌ಗಳ ಎಣಿಕೆ ಮೊದಲಿಗಿಂತಲೂ ಕೆಳಗಿಳಿದು, ಸಾಮಾನ್ಯವಾಗಿ ದಿನದೊಳಗೆ ಸರಿಹೋಗುತ್ತದೆ. ಈ ಇಳಿಕೆಯನ್ನು ಕೋಶಗಳ ಸಾವು ಎಂದು ಓದುವುದು ಅವಸರದ ತೀರ್ಮಾನ. ಅವುಗಳಲ್ಲಿ ಹೆಚ್ಚಿನವು ರಕ್ತ ಬಿಟ್ಟು ಅಂಗಾಂಶಗಳತ್ತ ಸರಿದಿರುತ್ತವೆ ಎನ್ನುತ್ತದೆ ಇಂದಿನ ವಿಜ್ಞಾನ.

ಇನ್ನೂ ಮನಮುಟ್ಟುವುದು ಮಯಾಮಿ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಲಾಪೆರಿಯರ್ ಮತ್ತು ಸಂಗಡಿಗರು ನಡೆಸಿ 1990ರಲ್ಲಿ ಪ್ರಕಟಿಸಿದ ಪ್ರಯೋಗ. ಎಚ್‌ಐವಿ ಪರೀಕ್ಷೆಯ ಫಲಿತಾಂಶ ತಿಳಿಸುವ ಮೊದಲು ಕೆಲವರಿಗೆ ಐದು ವಾರ ವ್ಯಾಯಾಮ ಮಾಡಿಸಲಾಯಿತು. ಸೋಂಕಿದೆ ಎಂಬ ಸುದ್ದಿ ಕೇಳಿದಾಗ ವ್ಯಾಯಾಮ ಮಾಡದವರಲ್ಲಿ ಆತಂಕ, ಖಿನ್ನತೆ ಹೆಚ್ಚಿ ಎನ್‌ಕೆ ಕೋಶಗಳು ಕುಸಿದವು, ಮಾಡಿದವರಲ್ಲಿ ಹಾಗಾಗಲಿಲ್ಲ. ಸಮರ್ಥ ಔಷಧವೇ ಇಲ್ಲದಿದ್ದ ಆ ದಿನಗಳಲ್ಲಿ ಇದು ಸಣ್ಣ ಸಮಾಧಾನವಲ್ಲ.

ಮುಂದೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ, ವೈದ್ಯಕೀಯವಾಗಿ ಸ್ಥಿರವಾಗಿರುವ ಸೋಂಕಿತರಿಗೆ ವಾರಕ್ಕೆ ಮೂರು ಬಾರಿಯ ಏರೋಬಿಕ್ ವ್ಯಾಯಾಮ ಸುರಕ್ಷಿತ ಎಂದು ಕಂಡುಕೊಂಡಿತು. ಹೃದಯ, ಶ್ವಾಸಕೋಶದ ಕ್ಷಮತೆ ಸುಧಾರಿಸಿತು. ಎಚ್‌ಐವಿ ನಾಶಮಾಡುವ ಸಿಡಿ4 ಎಂಬ ರಕ್ಷಕ ಕೋಶಗಳ ಎಣಿಕೆಯಲ್ಲಾಗಲಿ ವೈರಸ್ ಪ್ರಮಾಣದಲ್ಲಾಗಲಿ ಗಣನೀಯ ಬದಲಾವಣೆ ಇರಲಿಲ್ಲ. ಸಿಡಿ4 ಕೋಶಗಳನ್ನು ಮತ್ತೆ ಬೆಳೆಸುವುದು ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ. ನಮ್ಮ ದೇಶದ ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಅದು ಉಚಿತ. ಓಡುವವರು ಮಾತ್ರೆ ಬಿಡುವಂತಿಲ್ಲ. ಸಿಡಿ4 ಪರೀಕ್ಷೆಗೆ ರಕ್ತ ಕೊಡುವ ದಿನ ಮಾತ್ರ ಬೆಳಗಿನ ಬಿರುಸಿನ ಓಟವನ್ನು ಮುಂದೂಡುವುದು ಒಳ್ಳೆಯದು. ಇಲ್ಲವಾದರೆ ಆ ಹೊತ್ತಿನ ಏರಿಳಿತವೇ ವರದಿಯ ಅಂಕಿಯಲ್ಲಿ ಸೇರಿಕೊಳ್ಳಬಹುದು.