ಹಾಳು ಮಠಗಳು ತಾಮ್ರದ ತಗಡಿಗೇರಿದ ಕಥೆ

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1536ರಿಂದ 1540ರೊಳಗೆ ತನ್ನ ಸೀಮೆಯ ಸುಮಾರು 800 ಕ್ರೈಸ್ತ ಮಠಗಳಿಗೆ ಬೀಗ ಜಡಿಸಿದ. ಪೋಪರ ಜೊತೆಗಿನ ಜಗಳ ಒಂದೆಡೆ, ಮಠಗಳ ಆಸ್ತಿಯ ಮೇಲಿನ ಕಣ್ಣು ಇನ್ನೊಂದೆಡೆ. ಸನ್ಯಾಸಿಗಳು ಹೊರಬಿದ್ದರು. ಮಾಡಿಗೆ ಹೊದಿಸಿದ್ದ ಸೀಸವನ್ನು ಕಿತ್ತು ಕರಗಿಸಿದರು. ಗಂಟೆಗಳೂ ಲೋಹದ ಬೆಲೆಗೆ ಹೋದವು. ಮಾಡು ಹೋದ ಗೋಡೆಗಳನ್ನು ಮಳೆ, ಬಳ್ಳಿಗಳು ನೋಡಿಕೊಂಡವು. ಜಮೀನು ಮಾತ್ರ ಆಸ್ಥಾನದವರ, ಹಣವಂತರ ಪಾಲಾಯಿತು.

ಈ ಹಾಳುಗಳನ್ನು ಮೊದಲು ಕಾಗದಕ್ಕಿಳಿಸಿದ್ದು ದಾಖಲೆಯ ಹಂಬಲ. ರೋಜರ್ ಡಾಡ್ಸ್‌ವರ್ತ್ ಮತ್ತು ವಿಲಿಯಂ ಡಗ್‌ಡೇಲ್ ಮಠಗಳ ದಾನಪತ್ರಗಳನ್ನು ಹುಡುಕಿ ಸೇರಿಸಿದ 'ಮೊನಾಸ್ಟಿಕಾನ್ ಆಂಗ್ಲಿಕಾನಂ' ಗ್ರಂಥದ ಮೊದಲ ಸಂಪುಟ 1655ರಲ್ಲಿ ಹೊರಬಂತು. ಪ್ರಾಗ್‌ನಿಂದ ಬಂದ ವೆನ್ಸೆಸ್ಲಾಸ್ ಹಾಲರ್ ಮತ್ತು ಡೇನಿಯಲ್ ಕಿಂಗ್ ಅದಕ್ಕೆ ಚಿತ್ರ ಕೊರೆದರು. ತಗಡಿನ ಖರ್ಚು ಹೊತ್ತ ಶ್ರೀಮಂತರ ಲಾಂಛನಗಳು ಚಿತ್ರಗಳ ಮೇಲೇ ಮೂಡಿದವು.

ಈ ಏರ್ಪಾಡನ್ನು ಕಸುಬನ್ನಾಗಿ ಮಾಡಿಕೊಂಡವರು ಯಾರ್ಕ್‌ಶೈರ್ ಮೂಲದ ಸ್ಯಾಮ್ಯುಯೆಲ್ ಮತ್ತು ನಥಾನಿಯಲ್ ಬಕ್ ಸಹೋದರರು. ಬೇಸಿಗೆಯಲ್ಲಿ ಊರೂರು ಸುತ್ತಿ ಚಿತ್ರ ಬರೆಯುವುದು, ಚಳಿಗಾಲದಲ್ಲಿ ಲಂಡನ್ನಿನಲ್ಲಿ ಕೂತು ತಾಮ್ರದ ತಗಡಿನಲ್ಲಿ ಕೊರೆಯುವುದು ಅವರ ಕ್ರಮ. ಕೊರೆದ ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಮಾಡಿದ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತಿದರೆ ಚಿತ್ರ ಸಿದ್ಧ. 1726ರಿಂದ 1742ರವರೆಗೆ ಅವರು ಮಠ, ಕೋಟೆಗಳ 400ಕ್ಕೂ ಹೆಚ್ಚು ನೋಟಗಳನ್ನು ಹೊರತಂದರು. 24 ಚಿತ್ರಗಳ ಕಂತು, ಮುಂಗಡ ಕೊಟ್ಟ ಚಂದಾದಾರರಿಗೆ ಮಾರಾಟ. ಚಿತ್ರದ ಕೆಳಗೆ ಮಠ ಕಟ್ಟಿಸಿದವರು ಯಾರು, ಮುಚ್ಚುವಾಗ ಅದರ ಹುಟ್ಟುವಳಿ ಎಷ್ಟು, ಈಗಿನ ಒಡೆಯ ಯಾರು ಎಂಬ ವಿವರ. ಜೊತೆಗೆ ಆ ಒಡೆಯನಿಗೇ ವಿನಮ್ರ ಅರ್ಪಣೆ. ಮಠ ಹಾಳಾದದ್ದರಿಂದ ಸಿರಿ ಕಂಡ ಜಮೀನುಗಳ ಒಡೆಯರೇ ಆ ಹಾಳಿನ ಚಿತ್ರಕ್ಕೆ ಪೋಷಕರು!

ಮುಂದಿನ ತಲೆಮಾರಿಗೆ ಒಡೆಯನ ಹೆಸರಿಗಿಂತ ನೋಟ ಮುಖ್ಯವಾಯಿತು. ಪಾದ್ರಿ ವಿಲಿಯಂ ಗಿಲ್ಪಿನ್ 1782ರಲ್ಲಿ ವೈ ನದಿಯ ಪ್ರವಾಸಕಥನ ಪ್ರಕಟಿಸಿದ. ಆ ನದಿಯ ದಡದಲ್ಲಿ 1131ರಲ್ಲಿ ಸ್ಥಾಪನೆಯಾದ ಟಿಂಟರ್ನ್ ಮಠದ ತ್ರಿಕೋನ ಗೋಡೆಗಳು ತೀರ ಅಚ್ಚುಕಟ್ಟಾಗಿ ಕಣ್ಣಿಗೆ ಚುಚ್ಚುತ್ತವೆ, ಸುತ್ತಿಗೆಯಿಂದ ಒಂದಿಷ್ಟು ಮುರಿದರೆ ಚೆನ್ನ ಎಂಬುದು ಅವನ ಸಲಹೆ! ಹಾಳು ಇನ್ನಷ್ಟು ಹಾಳಾಗಲಿ ಎನ್ನುವಷ್ಟು ರುಚಿ ಬದಲಾಗಿತ್ತು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಶುರುವಾಗಿ ಯುರೋಪಿನ ದಾರಿ ಮುಚ್ಚಿದಾಗ ಉಳ್ಳವರು ಸ್ವದೇಶದಲ್ಲೇ ತಿರುಗಿದರು. ಪ್ರವಾಸಿಯ ಕೈಗೆ ಚಿತ್ರ ಬೇಕಾಯಿತು. ಆದರೆ ತಾಮ್ರ ಮೃದು, ಒತ್ತಿದಷ್ಟೂ ಗೆರೆ ಸವೆಯುತ್ತದೆ. 1820ರ ದಶಕದಲ್ಲಿ ಉಕ್ಕಿನ ತಗಡು ಬಂದ ಮೇಲೆ ಸಾವಿರಾರು ಪ್ರತಿಗಳು ಸಲೀಸಾಗಿ ಹೊರಬಂದವು. ಮಧ್ಯಮವರ್ಗದ ಗೋಡೆಯೂ ಅವಕ್ಕೆ ಸಿಕ್ಕಿತು.

ಅಷ್ಟರಲ್ಲಿ ಕಟ್ಟಡ ಕಟ್ಟುವವರೂ ಈ ಚಿತ್ರಗಳತ್ತ ತಿರುಗಿದ್ದರು. ಜಾನ್ ಬ್ರಿಟನ್ ಕಮಾನು, ಕಿಟಕಿ, ಕಂಬಗಳನ್ನು ವಿವರವಾಗಿ ಕೊರೆಸಿದ. ಆಗಸ್ಟಸ್ ಚಾರ್ಲ್ಸ್ ಪ್ಯೂಜಿನ್ ಆ ಮಠಗಳ ಗೋಥಿಕ್ ಶೈಲಿಯ ಮಾದರಿಗಳನ್ನು ಅಳತೆಯೊಂದಿಗೆ ಪ್ರಕಟಿಸಿದ. 1834ರಲ್ಲಿ ಲಂಡನ್ನಿನ ಸಂಸತ್ ಭವನ ಸುಟ್ಟುಹೋದಾಗ ಹೊಸ ಭವನವನ್ನು ಗೋಥಿಕ್ ಉಡುಗೆಯಲ್ಲಿ ಅಲಂಕರಿಸಿದವನು ಅವನ ಮಗ. ಒಬ್ಬ ದೊರೆ ಕೆಡವಿಸಿದ ಶೈಲಿಗೇ ಆ ರಾಜ್ಯದ ಶಾಸನಸಭೆ ಶರಣಾಯಿತು.

ಈ ಚಿತ್ರಗಳು ಹಳೆ ಅಚ್ಚುಗಳ ಅಂಗಡಿಗಳಲ್ಲಿ ಇಂದೂ ಬಿಡಿಬಿಡಿಯಾಗಿ ಸಿಗುತ್ತವೆ. ಹಲವು ಹಾಳೆಗಳು ಪುಸ್ತಕದಿಂದ ಹರಿದು ತೆಗೆದವು. ಕೊಳ್ಳುವವರು ಅಂಚಿನ ಸುತ್ತ ತಗಡು ಒತ್ತಿದ ತಗ್ಗು ಇದೆಯೇ ಎಂದು ಬೆರಳಾಡಿಸಿ ನೋಡಲಿ. ಚೌಕಟ್ಟು ಹಾಕಿಸುವಾಗ ಕೆಳಗಿನ ಬರಹವನ್ನು ಮಾತ್ರ ಕತ್ತರಿಸಬೇಡಿ. ಮಠ ಯಾರ ಕೈ ಸೇರಿತು, ಚಿತ್ರ ಯಾರಿಗೆ ಅರ್ಪಣೆಯಾಯಿತು ಎಂಬುದು ಇರುವುದು ಅಲ್ಲೇ.