ಬೈಕ್ ನಿಲ್ಲಿಸುವುದು ಮುಂದಿನ ಚಕ್ರ

ಅರಸೀಕೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಹಾಸನದಲ್ಲಿ ಕೆಲಸ ಸಿಕ್ಕಿದೆ. ಸ್ಕೂಟರ್ ಬೇಡ, ಬೈಕೇ ಬೇಕು ಅಂತಾಳೆ. ಮೊದಲ ಬೈಕ್ ಯಾವುದು ಕೊಡಿಸಲಿ? ಭಾರದ ಗಾಡಿ ರಸ್ತೆ ಕಚ್ಚಿಕೊಂಡು ಹೋಗುತ್ತದಂತೆ, ನಿಜವೇ? ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡ, ಪಲ್ಟಿ ಹೊಡೀತೀಯ ಅಂತ ಈಗಲೇ ಹೇಳಿಟ್ಟಿದ್ದೇನೆ."

ಪತ್ರದ ಕೊನೆಯ ಸಾಲು ನನ್ನನ್ನು ಕಾಡಿತು. ಸೈಕಲ್ ಕಲಿಸುವಾಗಲೇ ನಮ್ಮ ಮನೆಗಳಲ್ಲಿ ಈ ಮಾತನ್ನು ಮಕ್ಕಳ ತಲೆಗೆ ತುಂಬುತ್ತೇವೆ. ಯಾವುದೇ ಆಫೀಸಿನ ಸ್ಟ್ಯಾಂಡಿನಲ್ಲಿ ನಿಂತ ಹಳೆಯ ಬೈಕುಗಳನ್ನು ಬಗ್ಗಿ ನೋಡಿ: ಕಾಲಿನ ಬ್ರೇಕ್ ಪೆಡಲ್ ಸವೆದು ನುಣುಪಾಗಿರುತ್ತದೆ, ಕೈ ಬ್ರೇಕಿನ ಲಿವರ್ ಮೇಲೆ ಧೂಳು ಕೂತಿರುತ್ತದೆ. ಬೈಕಿನಲ್ಲಿರುವ ಅತಿ ಬಲವಾದ ಬ್ರೇಕನ್ನೇ ಬಳಸದೆ ಓಡಾಡುತ್ತಿದ್ದೇವೆ.

ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಬೈಕಿನ ಭಾರವೂ ಹಾಗೆಯೇ ಮುಂದಕ್ಕೆ ಸರಿಯುತ್ತದೆ. ಸಿಗ್ನಲ್ಲಿನಲ್ಲಿ ಬಂದು ನಿಲ್ಲುವ ಬೈಕಿನ ಮುಂದಿನ ಫೋರ್ಕನ್ನೇ ಗಮನಿಸಿ. ಅದು ಕುಗ್ಗಿ, ನಿಂತಾಗ ಮತ್ತೆ ಮೇಲೇಳುತ್ತದೆ. ಭಾರ ಸರಿಯುವುದು ಕಣ್ಣಿಗೆ ಕಾಣುವುದೇ ಅಲ್ಲಿ.

ಲೆಕ್ಕ ಹಾಕೋಣ. ಬೈಕು, ಸವಾರ ಸೇರಿ 180 ಕಿಲೋ, ನಿಂತಾಗ ಎರಡೂ ಚಕ್ರಗಳ ಮೇಲೆ ತಲಾ 90 ಎಂದುಕೊಳ್ಳಿ. ಚಕ್ರಗಳ ನಡುವಿನ ಅಂತರ 1.3 ಮೀಟರ್, ಭಾರದ ಕೇಂದ್ರ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ. ಪ್ರತಿ ಸೆಕೆಂಡಿಗೂ ವೇಗ ಗಂಟೆಗೆ 21 ಕಿ.ಮೀ.ನಷ್ಟು ಇಳಿಯುವ ಹಾಗೆ ಬ್ರೇಕ್ ಹಾಕಿದರೆ ಮುಂದಿನ ಚಕ್ರದ ಮೇಲೆ 144 ಕಿಲೋ ಬೀಳುತ್ತದೆ, ಹಿಂದೆ ಉಳಿಯುವುದು 36 ಮಾತ್ರ. ಟೈರಿನ ಹಿಡಿತ ಅದರ ಮೇಲಿನ ಭಾರವನ್ನು ಅವಲಂಬಿಸಿದೆ. ಹಿಂದಿನ ಬ್ರೇಕನ್ನು ಎಷ್ಟು ಜೋರಾಗಿ ತುಳಿದರೂ ಹಗುರವಾದ ಆ ಚಕ್ರ ಲಾಕ್ ಆಗಿ ಜಾರುತ್ತದೆಯೇ ಹೊರತು ಗಾಡಿಯನ್ನು ಬೇಗ ನಿಲ್ಲಿಸುವುದಿಲ್ಲ.

ಇದೇ ಬೈಕು ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಗಂಟೆಗೆ 50 ಕಿ.ಮೀ. ವೇಗದಲ್ಲಿದೆ ಎನ್ನಿ. ಎರಡೂ ಬ್ರೇಕ್ ಸೇರಿಸಿ ಹಿಡಿದರೆ ಸುಮಾರು 16 ಮೀಟರಿನಲ್ಲಿ ನಿಲ್ಲುತ್ತದೆ. ಹಿಂದಿನದನ್ನಷ್ಟೇ ನಂಬಿದರೆ 34 ಮೀಟರ್ ಬೇಕು. ಮೊದಲನೆಯ ಸವಾರ ನಿಂತ ಜಾಗವನ್ನು ಎರಡನೆಯವರು ಇನ್ನೂ ಗಂಟೆಗೆ ಸುಮಾರು 36 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತಾರೆ! ಆ ಜಾಗದಲ್ಲಿ ಹಸುವೋ, ಶಾಲೆಯ ಮಗುವೋ ಅಡ್ಡ ಬಂದಿದ್ದರೆ?

ಹಾಗಾದರೆ ಮುಂದಿನ ಬ್ರೇಕ್ ಹಿಡಿದು ಬಿದ್ದವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಹ್ಯಾಂಡಲ್ ತಿರುಗಿಸಿಕೊಂಡಿದ್ದಾಗ, ಮರಳು ಅಥವಾ ಜಲ್ಲಿಯ ಮೇಲೆ, ಗಾಬರಿಯಿಂದ ಲಿವರನ್ನು ಒಮ್ಮೆಲೇ ಎಳೆದರೆ ಮುಂದಿನ ಚಕ್ರ ಜಾರುತ್ತದೆ, ಗಾಡಿ ಬೀಳುತ್ತದೆ. ತಪ್ಪು ಬ್ರೇಕಿನದಲ್ಲ, ಹಿಡಿದ ರೀತಿಯದು. ಹ್ಯಾಂಡಲ್ ನೇರವಿರಲಿ, ಲಿವರನ್ನು ಮೆಲ್ಲಗೆ ಶುರುಮಾಡಿ ಬಿಗಿಮಾಡುತ್ತ ಹೋಗಿ. ಭಾರ ಮುಂದಕ್ಕೆ ಬಂದಷ್ಟೂ ಟೈರು ನೆಲವನ್ನು ಒತ್ತುತ್ತದೆ, ಒತ್ತಿದಷ್ಟೂ ಹಿಡಿತ ಹೆಚ್ಚುತ್ತದೆ. ಎಷ್ಟು ಸೊಗಸಾದ ಏರ್ಪಾಡು ನೋಡಿ!

ಜಾರುವ ಭಯಕ್ಕೂ ಮದ್ದಿದೆ: ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಮುಂದಿನ ಡಿಸ್ಕಿನ ಪಕ್ಕದಲ್ಲಿ ಸಣ್ಣ ಸಣ್ಣ ಕಿಂಡಿಗಳಿರುವ ಒಂದು ಬಳೆ ಚಕ್ರದ ಜೊತೆಗೇ ತಿರುಗುತ್ತಿರುತ್ತದೆ. ಆ ಕಿಂಡಿಗಳು ಸೆನ್ಸರಿನ ಮುಂದೆ ಹಾದುಹೋಗುವ ವೇಗದಿಂದ, ಚಕ್ರ ಲಾಕ್ ಆಗುವ ಸುಳಿವು ಎಬಿಎಸ್‌ಗೆ ಸಿಗುತ್ತದೆ. ತಕ್ಷಣ ಅದು ಬ್ರೇಕಿನ ಒತ್ತಡವನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಆಗ ಲಿವರ್ ಕೈಯಲ್ಲಿ ಅದುರಿದಂತಾಗುತ್ತದೆ. ಹೆದರಿ ಬಿಡಬೇಡಿ, ಅದು ಕೆಲಸ ಮಾಡುತ್ತಿದೆ ಎಂದರ್ಥ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಸಿಂಗಲ್ ಚಾನೆಲ್ ಎಬಿಎಸ್ ಇರುವ ಬೈಕುಗಳಲ್ಲಿ ಅದನ್ನು ಕೂರಿಸುವುದು ಮುಂದಿನ ಚಕ್ರಕ್ಕೆ. ಎರಡೂ ಬ್ರೇಕುಗಳನ್ನು ಜೋಡಿಸುವ ಸಿಬಿಎಸ್ ಇರುವ ಸಣ್ಣ ಬೈಕುಗಳಲ್ಲಿ ಹಿಂದಿನ ಬ್ರೇಕ್ ತುಳಿದರೂ ಮುಂದಿನದು ಸ್ವಲ್ಪ ಹಿಡಿಯುತ್ತದೆ. ಮುಂದಿನ ಬ್ರೇಕಿಲ್ಲದೆ ಆಗದು ಎಂದು ಎಂಜಿನಿಯರುಗಳು ತೀರ್ಮಾನಿಸಿದ್ದಾರೆ, ನಾವಿನ್ನೂ ಒಪ್ಪಿಲ್ಲ.

ಭಾರದ ಗಾಡಿಯ ವಿಷಯ ಚಿಕ್ಕದು. ಭಾರ ಹೆಚ್ಚಿದರೆ ಹಿಡಿತ ಹೆಚ್ಚುವುದು ನಿಜ, ಆದರೆ ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಲಾಭ ಸೊನ್ನೆ. ಸುಮಾರು 112 ಕಿಲೋದ ಸ್ಪ್ಲೆಂಡರ್ ಸಿಗ್ನಲ್ಲಿನಲ್ಲಿ ವಾಲಿದರೆ ಒಂದು ಕಾಲಲ್ಲಿ ತಡೆಯಬಹುದು, 195 ಕಿಲೋದ ಕ್ಲಾಸಿಕ್ 350 ವಾಲಿದರೆ ಹೊಸಬರಿಗೆ ಕಷ್ಟ.

ನನ್ನ ಸಲಹೆ: 125ರಿಂದ 160 ಸಿಸಿ, ಎರಡೂ ಪಾದ ನೆಲಕ್ಕೆ ಊರುವ ಸೀಟು, ಮುಂದೆ ಡಿಸ್ಕ್, ಸಾಧ್ಯವಾದರೆ ಎಬಿಎಸ್. ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು, ನಂಬರಿನ ಅಂಕಿ ಕೂಡಿಸಿ ಅದೃಷ್ಟ ನೋಡಲು ನಾವು ತೋರಿಸುವ ಶ್ರದ್ಧೆಯನ್ನು ಬ್ರೇಕ್ ಕಲಿಯಲು ತೋರಿಸುವುದಿಲ್ಲ. ನಿಂಬೆಹಣ್ಣಿನಿಂದ ಗಾಡಿ ಒಂದು ಅಡಿಯೂ ಮೊದಲು ನಿಲ್ಲುವುದಿಲ್ಲ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಹೋಗಿ, ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದು, ಮೊದಲು 20, ಆಮೇಲೆ 30 ಕಿ.ಮೀ. ವೇಗದಲ್ಲಿ ಎರಡೂ ಬ್ರೇಕ್ ಹಿಡಿದು ನಿಲ್ಲಿಸುವುದನ್ನು ಕೈಗೆ ರೂಢಿಯಾಗುವವರೆಗೂ ಮಾಡಿಸಿ. ರಸ್ತೆಗೆ ಇಳಿಸುವುದು ಆಮೇಲೆ.